ನೋಂದಣಿ ಪುಸ್ತಕ ತೆರೆದಿದೆ: ಉದ್ದರಿ ನೀಡುವ ಮುನ್ನ ಓದಬೇಕಾದ ಪುಟಗಳು

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ಆಂಧ್ರಪ್ರದೇಶದ ಗಡಿಗೆ ಸಮೀಪದ ಹೋಬಳಿ ಕೇಂದ್ರ. ಅಮ್ಮಾಜಾನ್ ಬಾವಾಜಾನ್ ದರ್ಗಾದಿಂದಾಗಿ ದೂರದೂರದ ಯಾತ್ರಿಕರಿಗೂ ಪರಿಚಿತವಾದ ಈ ಊರಿನ ಸುತ್ತಲಿನ ಹಳ್ಳಿಗಳು ಟೊಮೆಟೊ, ಮಾವು, ರಾಗಿ, ನೆಲಗಡಲೆ, ಹಿಪ್ಪುನೇರಳೆ ಮತ್ತು ಹಾಲನ್ನು ನಂಬಿ ಬದುಕುತ್ತಿವೆ. ಇಲ್ಲಿನ ವ್ಯಾಪಾರವು ಬಹುಕಾಲ ವ್ಯಕ್ತಿಗಳ ನಡುವಿನ ವ್ಯಾಪಾರವಾಗಿತ್ತು. ರೈತನಿಗೆ ಬೀಜ, ಗೊಬ್ಬರವನ್ನು ಉದ್ದರಿಯಾಗಿ ಕೊಡುತ್ತಿದ್ದ ಅಂಗಡಿಯವರಿಗೆ ಆತನ ಮನೆತನ ಗೊತ್ತು, ಜಮೀನು ಗೊತ್ತು, ಹಿಂದಿನ ವರ್ಷದ ಫಸಲೂ ಗೊತ್ತು. ಮಂಡಿಯ ಮಾಲೀಕರು ಮುಂಗಡ ನೀಡುತ್ತಿದ್ದುದು ಮುಖ ನೋಡಿಯೇ.

ಇಂದು ಅದೇ ಅಂಗಡಿಯ ಮೆಟ್ಟಿಲೇರುವವರಲ್ಲಿ ಸಂಸ್ಥೆಗಳ ಪ್ರತಿನಿಧಿಗಳೂ ಇದ್ದಾರೆ. ರೈತ ಉತ್ಪಾದಕರ ಕಂಪನಿ, ಹಾಲು ಉತ್ಪಾದಕರ ಸಹಕಾರ ಸಂಘ, ಸೌಹಾರ್ದ ಸಹಕಾರಿ, ನೋಂದಾಯಿತ ಸಂಘ ಹೀಗೆ ಹಲವು ರೂಪಗಳಲ್ಲಿ ಉತ್ಪಾದಕರು ಒಗ್ಗೂಡಿ ಬರುತ್ತಿದ್ದಾರೆ. ಬಂದವರ ಮುಖ ಪರಿಚಿತವಿರಬಹುದು. ಆದರೆ ಸಾಲಗಾರನು ಆ ಮುಖವಲ್ಲ, ಕಾನೂನು ಸೃಷ್ಟಿಸಿದ ಒಂದು ಸಂಸ್ಥೆ. ಅದರ ಆಸ್ತಿ ಎಷ್ಟು, ಹೊಣೆ ಎಷ್ಟು, ಸಹಿ ಮಾಡುವ ಅಧಿಕಾರ ಯಾರಿಗಿದೆ, ಅದು ಇನ್ನೂ ಜೀವಂತವಾಗಿದೆಯೇ ಎಂಬ ಪ್ರಶ್ನೆಗಳಿಗೆ ಊರಿನ ಮಾತು ಉತ್ತರ ಕೊಡಲಾರದು. ಉತ್ತರವಿರುವುದು ಸರ್ಕಾರದ ನೋಂದಣಿ ಪುಸ್ತಕದಲ್ಲಿ. ಆ ಪುಸ್ತಕದ ಒಂದು ಭಾಗವು ಈಗ ಯಾರು ಬೇಕಾದರೂ ಓದಬಹುದಾದಷ್ಟು ತೆರೆದುಕೊಂಡಿದ್ದು, ಇನ್ನೊಂದು ಭಾಗ ಅರೆತೆರೆದ ಸ್ಥಿತಿಯಲ್ಲಿಯೇ ಇದೆ. ವರ್ತಕರು ಮತ್ತು ಸಣ್ಣ ತಯಾರಕರು ಎರಡನ್ನೂ ಅರಿತಿರುವುದು ಅಗತ್ಯ.

ಒಂದೇ ಫಲಕ, ಬೇರೆ ಬೇರೆ ಕಾನೂನು

ಉತ್ಪಾದಕರ ಕಂಪನಿ ಎಂಬ ರೂಪವು ಪ್ರೊ. ವೈ. ಕೆ. ಅಲಘ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಫಲ. 2002ರ ತಿದ್ದುಪಡಿಯ ಮೂಲಕ ಅದು 1956ರ ಕಂಪನಿ ಕಾಯ್ದೆಗೆ ಸೇರಿತು. 2020ರ ತಿದ್ದುಪಡಿಯು ಅದನ್ನು 2013ರ ಕಂಪನಿ ಕಾಯ್ದೆಯೊಳಕ್ಕೆ ತಂದಿತು. ಕನಿಷ್ಠ 10 ಮಂದಿ ಉತ್ಪಾದಕರು ಸೇರಿ ಇಂತಹ ಕಂಪನಿಯನ್ನು ಸ್ಥಾಪಿಸಬಹುದು. ನಿರ್ದೇಶಕರು 5ಕ್ಕಿಂತ ಕಡಿಮೆ ಇರುವಂತಿಲ್ಲ, ಸಾಮಾನ್ಯವಾಗಿ 15ನ್ನು ಮೀರುವಂತಿಲ್ಲ. ಪೂರ್ಣಾವಧಿಯ ಮುಖ್ಯ ಕಾರ್ಯನಿರ್ವಾಹಕರೊಬ್ಬರು ಇರಲೇಬೇಕು.

2020ರ ಫೆಬ್ರುವರಿ 29ರಂದು ಕೇಂದ್ರ ಸರ್ಕಾರವು 10,000 ರೈತ ಉತ್ಪಾದಕ ಸಂಸ್ಥೆಗಳನ್ನು ರಚಿಸುವ ಯೋಜನೆಗೆ ಚಾಲನೆ ನೀಡಿತು. ಯೋಜನೆಯ ಒಟ್ಟು ವೆಚ್ಚ 6,865 ಕೋಟಿ ರೂಪಾಯಿ. 10,000ನೆಯ ಸಂಸ್ಥೆಯನ್ನು 2025ರ ಫೆಬ್ರುವರಿ 24ರಂದು ಬಿಹಾರದ ಭಾಗಲ್ಪುರದಲ್ಲಿ ಉದ್ಘಾಟಿಸಲಾಯಿತು. ಈ ಯೋಜನೆಯಡಿ ಸಂಸ್ಥೆಯು ಕಂಪನಿ ಕಾಯ್ದೆಯಡಿ ನೋಂದಣಿಯಾಗಬಹುದು, ರಾಜ್ಯದ ಸಹಕಾರ ಸಂಘಗಳ ಕಾಯ್ದೆಯಡಿಯೂ ಆಗಬಹುದು. ಆದುದರಿಂದ ‘ರೈತ ಉತ್ಪಾದಕ ಸಂಸ್ಥೆ’ ಎಂಬ ಫಲಕವನ್ನು ಕಂಡ ಮಾತ್ರಕ್ಕೆ ಅದರ ದಾಖಲೆ ಎಲ್ಲಿದೆ ಎಂಬುದು ತಿಳಿಯುವುದಿಲ್ಲ.

ಕರ್ನಾಟಕದಲ್ಲಿ ಸಹಕಾರ ಸಂಘಗಳಿಗೆ 1959ರ ಕಾಯ್ದೆ, ಸೌಹಾರ್ದ ಸಹಕಾರಿಗಳಿಗೆ 1997ರ ಕಾಯ್ದೆ, ಸಂಘಗಳಿಗೆ 1960ರ ಸಂಘಗಳ ನೋಂದಣಿ ಕಾಯ್ದೆ ಅನ್ವಯಿಸುತ್ತವೆ. ಮುರುಗಮಲ್ಲದಂತಹ ಗಡಿ ಹೋಬಳಿಯ ವರ್ತಕರಿಗೆ ಇನ್ನೊಂದು ತೊಡಕಿದೆ. ಗಡಿಯಾಚೆಯಿಂದ ಬರುವ ಸಂಘವು ಆಂಧ್ರಪ್ರದೇಶದ 1964ರ ಸಹಕಾರ ಕಾಯ್ದೆಯಡಿ ನೋಂದಣಿಯಾಗಿರಬಹುದು, ಇಲ್ಲವೇ 1995ರ ಪರಸ್ಪರ ನೆರವಿನ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿರಬಹುದು. ಮೊದಲ ವ್ಯವಹಾರದ ದಿನವೇ ನೋಂದಣಿ ಪ್ರಮಾಣಪತ್ರದ ಪ್ರತಿಯನ್ನು ಪಡೆದು, ಯಾವ ಕಾಯ್ದೆ, ಯಾವ ಸಂಖ್ಯೆ, ಯಾವ ವರ್ಷ ಎಂಬ ಮೂರು ಅಂಶಗಳನ್ನು ಖಾತೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು. ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾದದ್ದು 2007ರಲ್ಲಿ; ಅದಕ್ಕೆ ಹಿಂದಿನ ಸಂಘಗಳ ನೋಂದಣಿ ಅವಿಭಜಿತ ಕೋಲಾರ ಜಿಲ್ಲೆಯ ಕಾಲದ್ದೆಂಬುದನ್ನೂ ನೆನಪಿಡಬೇಕು.

ಕಂಪನಿಗಳ ಪುಸ್ತಕ ಹೇಳುವುದೇನು

ಕಂಪನಿಗಳ ದಾಖಲೆಗಳು 2006ರಿಂದ ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ‘ಎಂಸಿಎ 21’ ವ್ಯವಸ್ಥೆಯಡಿ ಗಣಕೀಕೃತಗೊಂಡಿವೆ. 2012ರಲ್ಲಿ ಕೇಂದ್ರವು ದತ್ತಾಂಶ ಹಂಚಿಕೆಯ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿ, ಅದೇ ವರ್ಷ ಮುಕ್ತ ದತ್ತಾಂಶದ ಜಾಲತಾಣವನ್ನು ಆರಂಭಿಸಿದ ಮೇಲೆ ರಾಜ್ಯವಾರು ಕಂಪನಿ ಪಟ್ಟಿಗಳೂ ಅಲ್ಲಿ ಪ್ರಕಟವಾದವು. ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಕಂಪನಿ ನಿಬಂಧಕರ ಕಚೇರಿಗೆ ಅಲೆಯದೆ ಚಿಂತಾಮಣಿಯ ಅಂಗಡಿಯಲ್ಲಿ ಕುಳಿತೇ ಒಂದು ಕಂಪನಿಯ ಮೂಲ ವಿವರವನ್ನು ಶುಲ್ಕವಿಲ್ಲದೆ ನೋಡಬಹುದು.

ಮೊದಲು ಗಮನಿಸಬೇಕಾದದ್ದು ಕಂಪನಿಯ ಗುರುತಿನ ಸಂಖ್ಯೆ. ಕಾಯ್ದೆಯ ಕಲಂ 12ರಂತೆ ಬಿಲ್ಲು, ಲೆಟರ್‌ಹೆಡ್ ಮುಂತಾದವುಗಳ ಮೇಲೆ ಇದು ಮುದ್ರಿತವಾಗಿರಬೇಕು. 21 ಅಕ್ಷರ ಮತ್ತು ಅಂಕಿಗಳ ಈ ಸಂಖ್ಯೆಯೇ ಒಂದು ಪುಟ್ಟ ಜಾತಕ. ಮೊದಲನೆಯದು ಷೇರುಪೇಟೆಯಲ್ಲಿ ನೋಂದಣಿಯಾಗಿದೆಯೇ ಎಂಬುದನ್ನೂ, ನಂತರದ ಐದು ಉದ್ಯಮದ ವರ್ಗವನ್ನೂ, ಬಳಿಕದ ಎರಡು ರಾಜ್ಯವನ್ನೂ, ಮುಂದಿನ ನಾಲ್ಕು ಸ್ಥಾಪನೆಯ ವರ್ಷವನ್ನೂ, ಆಮೇಲಿನ ಮೂರು ಕಂಪನಿಯ ಬಗೆಯನ್ನೂ, ಕೊನೆಯ ಆರು ನೋಂದಣಿ ಸಂಖ್ಯೆಯನ್ನೂ ತಿಳಿಸುತ್ತವೆ. ಹತ್ತು ವರ್ಷಗಳ ಅನುಭವವಿದೆ ಎನ್ನುವ ಕಂಪನಿಯ ಸಂಖ್ಯೆಯಲ್ಲಿ ಕಳೆದ ವರ್ಷದ ಅಂಕಿ ಇದ್ದರೆ ವಿವರಣೆ ಕೇಳುವುದು ಸಹಜ.

ಎರಡನೆಯದು ಕಂಪನಿಯ ಸ್ಥಿತಿ. ಅದು ಚಾಲ್ತಿಯಲ್ಲಿದೆಯೇ, ಸುಪ್ತವೇ, ಸಮಾಪನದಲ್ಲಿದೆಯೇ, ಹೆಸರನ್ನು ಪುಸ್ತಕದಿಂದ ತೆಗೆದುಹಾಕಲಾಗಿದೆಯೇ ಎಂಬುದು ಒಂದೇ ಪದದಲ್ಲಿ ದೊರೆಯುತ್ತದೆ. ಇದು ಕ್ಷುಲ್ಲಕ ಸಂಗತಿಯಲ್ಲ. 2017ರಲ್ಲಿ ಸಚಿವಾಲಯವು ದೇಶದಾದ್ಯಂತ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ತೆಗೆದುಹಾಕಿತು. ಹೆಸರು ಹೋದ ಕಂಪನಿಯು ತನ್ನ ಬಾಕಿ ವಸೂಲಿ ಮತ್ತು ಹಳೆಯ ಹೊಣೆಗಳ ತೀರುವಳಿಯ ಹೊರತು ಕಾರ್ಯ ನಡೆಸುವಂತಿಲ್ಲ. ಅದಕ್ಕೆ ಹೊಸದಾಗಿ ಸರಕು ಕೊಟ್ಟವರ ಪಾಡು ಊಹಿಸಬಹುದು.

ಮೂರನೆಯದು ಕೊನೆಯ ವಾರ್ಷಿಕ ಸಭೆ ಮತ್ತು ಕೊನೆಯ ಆಢಾವೆ ಪತ್ರಿಕೆಯ ದಿನಾಂಕ. ಉತ್ಪಾದಕರ ಕಂಪನಿಯು ವಾರ್ಷಿಕ ಸಾಮಾನ್ಯ ಸಭೆಯಾದ 60 ದಿನಗಳೊಳಗೆ ಲೆಕ್ಕಪತ್ರಗಳನ್ನು ಸಲ್ಲಿಸಬೇಕು. ಸತತ ಮೂರು ವರ್ಷ ಸಲ್ಲಿಸದಿದ್ದರೆ ಅದರ ನಿರ್ದೇಶಕರು ಐದು ವರ್ಷಗಳ ಅನರ್ಹತೆಗೆ ಗುರಿಯಾಗುತ್ತಾರೆ. ದಿನಾಂಕ ಹಳೆಯದಾದಷ್ಟೂ ಎಚ್ಚರಿಕೆ ಹೆಚ್ಚಬೇಕು.

ನಾಲ್ಕನೆಯದು ಋಣಭಾರದ ಪಟ್ಟಿ. ಕಂಪನಿಯು ತನ್ನ ಗೋದಾಮು, ಯಂತ್ರ, ದಾಸ್ತಾನುಗಳನ್ನು ಬ್ಯಾಂಕಿಗೆ ಭದ್ರತೆಯಾಗಿ ಕೊಟ್ಟಿದ್ದರೆ ಅದು ಮೊತ್ತ ಮತ್ತು ದಿನಾಂಕದೊಡನೆ ಇಲ್ಲಿ ಕಾಣುತ್ತದೆ. ಪೂರ್ಣ ಲೆಕ್ಕಪತ್ರ, ಮೆಮೊರಾಂಡಂ ಮತ್ತು ಆರ್ಟಿಕಲ್ಸ್‌ಗಳನ್ನು ಓದಬೇಕಾದಲ್ಲಿ ಕಂಪನಿಯೊಂದಕ್ಕೆ 100 ರೂಪಾಯಿ ಶುಲ್ಕ ತೆರಬೇಕು. ಲಕ್ಷಾಂತರ ರೂಪಾಯಿಯ ಉದ್ದರಿಯ ಮುಂದೆ ಇದು ದೊಡ್ಡ ವೆಚ್ಚವೇನಲ್ಲ.

ಓದದವರ ಮೇಲೂ ಹೊಣೆ

ದಾಖಲೆ ತೆರೆದಿರುವುದು ವರ್ತಕರಿಗೆ ಸೌಲಭ್ಯ ಮಾತ್ರವಲ್ಲ, ಹೊಣೆಯೂ ಹೌದೆಂಬುದನ್ನು ಹಲವರು ಗಮನಿಸಿರುವುದಿಲ್ಲ. ಕಂಪನಿಯೊಡನೆ ವ್ಯವಹರಿಸುವ ಹೊರಗಿನವರು ಅದರ ಮೆಮೊರಾಂಡಂ ಮತ್ತು ಆರ್ಟಿಕಲ್ಸ್‌ಗಳನ್ನು ಬಲ್ಲರೆಂದು ಕಾನೂನು ಭಾವಿಸುತ್ತದೆ. ಋಣಭಾರದ ವಿಷಯದಲ್ಲಿ ಕಲಂ 80 ಇನ್ನೂ ಸ್ಪಷ್ಟವಾಗಿದೆ: ಋಣಭಾರವು ನೋಂದಣಿಯಾದ ದಿನದಿಂದಲೇ ಆ ಆಸ್ತಿಯನ್ನು ಪಡೆಯುವ ಪ್ರತಿಯೊಬ್ಬರಿಗೂ ಅದರ ತಿಳಿವಳಿಕೆ ಇದೆಯೆಂದು ಪರಿಗಣಿಸಲಾಗುತ್ತದೆ. ಉದಾಹರಣೆಗೆ, ಉತ್ಪಾದಕರ ಕಂಪನಿಯೊಂದು ತನ್ನ ಟೊಮೆಟೊ ಸಂಸ್ಕರಣಾ ಯಂತ್ರವನ್ನು ಅಗ್ಗದ ಬೆಲೆಗೆ ಮಾರಲು ಮುಂದಾಯಿತೆನ್ನೋಣ. ಅದರ ಮೇಲಿನ ಬ್ಯಾಂಕ್ ಋಣಭಾರವು ನೋಂದಣಿಯಾಗಿದ್ದಲ್ಲಿ, ಕೊಂಡವರು ‘ನನಗೆ ಗೊತ್ತಿರಲಿಲ್ಲ’ ಎಂದು ವಾದಿಸಿ ಪಾರಾಗುವುದು ಕಷ್ಟ.

ಇದಕ್ಕೆ ಪ್ರತಿಯಾಗಿ ವರ್ತಕರಿಗೆ ಒಂದು ರಕ್ಷಣೆಯೂ ಇದೆ. 1856ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ರಾಯಲ್ ಬ್ರಿಟಿಷ್ ಬ್ಯಾಂಕ್ ಪ್ರಕರಣದಲ್ಲಿ ರೂಪಿಸಿದ ತತ್ತ್ವವನ್ನು ಭಾರತದ ನ್ಯಾಯಾಲಯಗಳೂ ಅನುಸರಿಸುತ್ತವೆ. ಅದರಂತೆ ಕಂಪನಿಯ ಒಳಗಿನ ಕಾರ್ಯವಿಧಾನಗಳು ಕ್ರಮಬದ್ಧವಾಗಿ ನಡೆದಿವೆಯೆಂದು ಹೊರಗಿನವರು ಸದ್ಭಾವನೆಯಿಂದ ನಂಬಬಹುದು. ಆದರೆ ಕಣ್ಣಿಗೆ ಕಾಣುವ ಸಂದೇಹವನ್ನು ಕಡೆಗಣಿಸಿದವರಿಗೆ ಈ ರಕ್ಷಣೆ ದೊರೆಯುವುದಿಲ್ಲ.

ಒಂದು ಲೆಕ್ಕಾಚಾರ

ಚಿಂತಾಮಣಿಯ ವರ್ತಕರೊಬ್ಬರ ಬಳಿಗೆ ಮುರುಗಮಲ್ಲ ಹೋಬಳಿಯ ಉತ್ಪಾದಕರ ಕಂಪನಿಯೊಂದು ಬಂದು, ಸದಸ್ಯರಿಗೆ ಹಂಚಲು 6 ಲಕ್ಷ ರೂಪಾಯಿಯ ಹನಿ ನೀರಾವರಿ ಪೈಪು ಮತ್ತು ಬೀಜವನ್ನು ಫಸಲಿನವರೆಗೆ ಉದ್ದರಿಯಾಗಿ ಕೇಳಿತೆಂದು ಭಾವಿಸೋಣ. ಪುಸ್ತಕದಲ್ಲಿ ಕಂಪನಿ ಚಾಲ್ತಿಯಲ್ಲಿದೆ, ಸಂದಾಯವಾದ ಬಂಡವಾಳ 4 ಲಕ್ಷ, ಕೊನೆಯ ಲೆಕ್ಕಪತ್ರ ಎರಡು ವರ್ಷ ಹಿಂದಿನದು, ದಾಸ್ತಾನಿನ ಮೇಲೆ ಬ್ಯಾಂಕಿನ ಋಣಭಾರವಿದೆ. ಇಷ್ಟರಿಂದಲೇ ಕಂಪನಿ ಕೆಟ್ಟದ್ದೆಂದು ತೀರ್ಮಾನಿಸಬೇಕಾಗಿಲ್ಲ. ಹಳ್ಳಿಗಾಡಿನ ಹೊಸ ಸಂಸ್ಥೆಗೆ ಲೆಕ್ಕಿಗರ ನೆರವು ಸಕಾಲಕ್ಕೆ ದೊರೆಯದಿರುವುದುಂಟು. ಆದರೆ ಉದ್ದರಿಯ ಷರತ್ತನ್ನು ಬದಲಿಸಲು ಇಷ್ಟು ಸಾಕು. ಮೂರನೆಯ ಒಂದು ಭಾಗವನ್ನು ಮುಂಗಡವಾಗಿ ಪಡೆಯುವುದು, ಸರಕನ್ನು ಎರಡು ಕಂತಿನಲ್ಲಿ ಕಳುಹಿಸುವುದು, ಆಡಳಿತ ಮಂಡಳಿಯ ನಿರ್ಣಯದ ಪ್ರತಿಯನ್ನು ಕೇಳುವುದು, ಬಾಕಿ ಲೆಕ್ಕಪತ್ರ ಸಲ್ಲಿಕೆಯಾದ ಮೇಲೆ ಉದ್ದರಿಯ ಮಿತಿಯನ್ನು ಹೆಚ್ಚಿಸುವುದಾಗಿ ತಿಳಿಸುವುದು ಇವೆಲ್ಲ ವ್ಯವಹಾರವನ್ನು ಮುರಿಯದೆ ಅಪಾಯವನ್ನು ತಗ್ಗಿಸುವ ಮಾರ್ಗಗಳು.

10,000 ಸಂಸ್ಥೆಗಳ ಯೋಜನೆಯಡಿ ರಚನೆಯಾದ ಸಂಸ್ಥೆಗಳ ವಿಷಯದಲ್ಲಿ ನೋಂದಣಿಯ ವರ್ಷಕ್ಕೆ ವಿಶೇಷ ಅರ್ಥವಿದೆ. ಯೋಜನೆಯು ಸಂಸ್ಥೆಯೊಂದರ ಆಡಳಿತ ವೆಚ್ಚಕ್ಕೆ ಮೂರು ವರ್ಷಗಳಲ್ಲಿ ಗರಿಷ್ಠ 18 ಲಕ್ಷ ರೂಪಾಯಿ ನೆರವು ನೀಡುತ್ತದೆ. ಮೊದಲ ಮೂರು ವರ್ಷಗಳಲ್ಲಿ ಸಂಬಳ, ಬಾಡಿಗೆ ನಡೆದದ್ದು ನೆರವಿನಿಂದಲೋ ವ್ಯಾಪಾರದಿಂದಲೋ ಎಂಬುದು ಹೊರಗಿನವರಿಗೆ ಸುಲಭವಾಗಿ ತಿಳಿಯದು. ನಾಲ್ಕನೆಯ ವರ್ಷದ ಲಾಭನಷ್ಟ ಪತ್ರಿಕೆಯು ಅದನ್ನು ಬಯಲು ಮಾಡುತ್ತದೆ. ದೀರ್ಘಕಾಲದ ಉದ್ದರಿಯನ್ನು ನಿಶ್ಚಯಿಸುವವರು ಆ ಪುಟವನ್ನು ತಪ್ಪದೆ ಓದಬೇಕು.

ಜಿಎಸ್‌ಟಿ ಸಂಖ್ಯೆಯೂ ಇನ್ನೊಂದು ತೆರೆದ ಪುಟ. 15 ಸ್ಥಾನಗಳ ಆ ಸಂಖ್ಯೆಯ ಮೊದಲೆರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಒಟ್ಟು ಸಂಖ್ಯೆಯ ಆರನೆಯ ಸ್ಥಾನದಲ್ಲಿ ‘ಸಿ’ ಅಕ್ಷರವಿದ್ದರೆ ಕಂಪನಿ, ‘ಎಫ್’ ಇದ್ದರೆ ಪಾಲುದಾರಿಕೆ ಸಂಸ್ಥೆ, ‘ಪಿ’ ಇದ್ದರೆ ವ್ಯಕ್ತಿ. ಬಿಲ್ಲಿನ ತಲೆಬರಹದಲ್ಲಿ ಕಂಪನಿಯ ಹೆಸರಿದ್ದು, ಆರನೆಯ ಅಕ್ಷರ ‘ಪಿ’ ಆಗಿದ್ದರೆ ಆ ಸಂಖ್ಯೆ ಯಾರೋ ಒಬ್ಬರ ಸ್ವಂತದ್ದು. ಹಣ ಯಾರ ಖಾತೆಗೆ ಹೋಗುತ್ತಿದೆಯೆಂದು ವಿಚಾರಿಸಲು ಇದಕ್ಕಿಂತ ಬೇರೆ ಕಾರಣ ಬೇಡ. ತಾಜಾ ಹಣ್ಣು ತರಕಾರಿಗಳನ್ನು ಮಾತ್ರ ಮಾರುವ ಸಂಸ್ಥೆಗೆ ಜಿಎಸ್‌ಟಿ ಸಂಖ್ಯೆ ಇಲ್ಲದಿರುವುದು ಮಾತ್ರ ದೋಷವಲ್ಲ.

ಸಹಕಾರ ಸಂಘಗಳ ಅರೆತೆರೆದ ಬಾಗಿಲು

ಇದೇ ಪ್ರಶ್ನೆಗಳನ್ನು ಸಹಕಾರ ಸಂಘದ ಬಗ್ಗೆ ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಸಂಘಗಳ ಲೆಕ್ಕಪರಿಶೋಧನೆ ಪ್ರತಿ ವರ್ಷ ನಡೆಯಬೇಕು; ಕರ್ನಾಟಕದಲ್ಲಿ ಇದಕ್ಕೆಂದೇ ಪ್ರತ್ಯೇಕ ಲೆಕ್ಕಪರಿಶೋಧನಾ ಇಲಾಖೆಯಿದೆ. ಆದರೆ ಆ ವರದಿಗಳು ಕಂಪನಿ ಲೆಕ್ಕಪತ್ರಗಳಂತೆ ಒಂದೆಡೆ, ಎಲ್ಲರಿಗೂ ಒಂದೇ ಶುಲ್ಕಕ್ಕೆ ದೊರೆಯುವ ವ್ಯವಸ್ಥೆ ಇಲ್ಲ.

2013ರ ಅಕ್ಟೋಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ತಲಪ್ಪಳಂ ಸೇವಾ ಸಹಕಾರ ಬ್ಯಾಂಕ್ ಪ್ರಕರಣದಲ್ಲಿ ನೀಡಿದ ತೀರ್ಪು ಇಲ್ಲಿ ಮುಖ್ಯ. ಸರ್ಕಾರದ ಒಡೆತನ, ಗಣನೀಯ ನಿಯಂತ್ರಣ ಅಥವಾ ಗಣನೀಯ ಹಣಕಾಸು ಇಲ್ಲದ ಸಹಕಾರ ಸಂಘವು 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಥದಲ್ಲಿ ಸಾರ್ವಜನಿಕ ಪ್ರಾಧಿಕಾರವಲ್ಲವೆಂದು ನ್ಯಾಯಾಲಯ ಹೇಳಿತು. ಆದರೆ ಸಹಕಾರ ಸಂಘಗಳ ನಿಬಂಧಕರು ಸಾರ್ವಜನಿಕ ಪ್ರಾಧಿಕಾರವೇ ಆಗಿದ್ದು, ಕಾನೂನಿನಂತೆ ತಾವು ಪಡೆಯಬಹುದಾದ ಮಾಹಿತಿಯನ್ನು ಕಾಯ್ದೆಯ ವಿನಾಯಿತಿಗಳಿಗೆ ಒಳಪಟ್ಟು ಒದಗಿಸಬೇಕೆಂದೂ ತಿಳಿಸಿತು. ಆದ್ದರಿಂದ ವರ್ತಕರು ಅರ್ಜಿ ಸಲ್ಲಿಸಬೇಕಾದದ್ದು ಸಂಘಕ್ಕಲ್ಲ, ಜಿಲ್ಲೆಯ ಉಪ ನಿಬಂಧಕರ ಕಚೇರಿಗೆ. ಶುಲ್ಕ 10 ರೂಪಾಯಿ. ಉತ್ತರದ ಅವಧಿ 30 ದಿನ. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ‘ಇಂತಹ ಸಂಘದ ಇಂತಹ ವರ್ಷದ ಲೆಕ್ಕಪರಿಶೋಧನಾ ವರದಿಯ ಪ್ರತಿ’ ಎಂದು ನಿಖರವಾಗಿ ಕೇಳುವುದು ಉಚಿತ.

30 ದಿನಗಳಲ್ಲಿ ಟೊಮೆಟೊ ಬೆಲೆ ಮೂರು ಸಲ ಬದಲಾಗಿರುತ್ತದೆ ಎಂಬುದು ವರ್ತಕರಿಗೆ ಹೇಳಬೇಕಾದ ಮಾತಲ್ಲ. ಇದರೊಡನೆ ರಾಜ್ಯದ ಕಾಯ್ದೆಯ ಕಲಂ 125ನ್ನೂ ಓದಬೇಕು. ಸಂಘದ ವ್ಯವಹಾರಕ್ಕೆ ಸಂಬಂಧಿಸಿದಂತೆ ದಾವೆ ಹೂಡುವ ಮುನ್ನ ನಿಬಂಧಕರಿಗೆ ಲಿಖಿತ ನೋಟೀಸು ನೀಡಿ ಎರಡು ತಿಂಗಳು ಕಾಯಬೇಕು. ತಿಳಿದುಕೊಳ್ಳಲು ಒಂದು ತಿಂಗಳು, ಮೊಕದ್ದಮೆಗೆ ಮೊದಲು ಎರಡು ತಿಂಗಳು ಎಂದಾದಾಗ, ಸಂಘವೇ ತನ್ನ ಇತ್ತೀಚಿನ ಪರಿಶೋಧಿತ ಲೆಕ್ಕವನ್ನು ಸ್ವಯಂ ತೋರಿಸುವಂತೆ ವ್ಯವಹಾರಕ್ಕೆ ಮೊದಲೇ ಕೇಳುವುದು ಹೆಚ್ಚು ಪ್ರಾಯೋಗಿಕ. ಸುಸ್ಥಿತಿಯಲ್ಲಿರುವ ಸಂಘಗಳು ಇದಕ್ಕೆ ಹಿಂಜರಿಯಲು ಕಾರಣವಿಲ್ಲ.

2021ರಲ್ಲಿ ಸ್ಥಾಪಿತವಾದ ಕೇಂದ್ರ ಸಹಕಾರ ಸಚಿವಾಲಯವು 2024ರ ಮಾರ್ಚ್ 8ರಂದು ರಾಷ್ಟ್ರೀಯ ಸಹಕಾರ ದತ್ತಾಂಶ ಕೋಶವನ್ನು ಲೋಕಾರ್ಪಣೆ ಮಾಡಿದೆ. 8 ಲಕ್ಷಕ್ಕೂ ಹೆಚ್ಚು ಸಂಘಗಳು ಅದರಲ್ಲಿ ಸೇರಿವೆ. ಜಿಲ್ಲೆಯಲ್ಲಿ ಯಾವ ಬಗೆಯ ಎಷ್ಟು ಸಂಘಗಳಿವೆ ಎಂಬುದನ್ನು ತಿಳಿಯಲು ಇದು ಉಪಯುಕ್ತ. ಮಾರುಕಟ್ಟೆಯ ವಿಸ್ತರಣೆಯನ್ನು ಯೋಜಿಸುವ ಪಶು ಆಹಾರ, ಡೇರಿ ಸಲಕರಣೆಗಳ ತಯಾರಕರಿಗೆ ಇದು ಒಳ್ಳೆಯ ಆರಂಭ. ಆದರೂ ಇದು ಗಣತಿಯ ಸ್ವರೂಪದ ಪಟ್ಟಿಯೇ ಹೊರತು ನಿಬಂಧಕರ ಪುಸ್ತಕಕ್ಕೆ ಪರ್ಯಾಯವಲ್ಲ.

ಆಸ್ಟ್ರೇಲಿಯದ ಒಂದು ಮಾದರಿ

ಸಣ್ಣ, ದೂರದ, ಬಡ ಸಮುದಾಯಗಳ ಸಂಸ್ಥೆಗಳ ಲೆಕ್ಕವನ್ನು ಬಹಿರಂಗಪಡಿಸುವುದು ಅವುಗಳಿಗೆ ಹೊರೆಯಾಗುತ್ತದೆ ಎಂಬ ಮಾತು ಕೇಳಿಬರುತ್ತದೆ. ಈ ವಿಷಯದಲ್ಲಿ ಆಸ್ಟ್ರೇಲಿಯದ ಅನುಭವ ಗಮನಾರ್ಹ. ಅಲ್ಲಿನ ಮೂಲನಿವಾಸಿಗಳು ಭೂಮಿ, ಆರೋಗ್ಯ, ಕಲೆ, ಅಂಗಡಿ ಮುಂತಾದ ಉದ್ದೇಶಗಳಿಗಾಗಿ ಸ್ಥಾಪಿಸಿಕೊಂಡ ನಿಗಮಗಳಿಗೆ 1976ರಲ್ಲಿಯೇ ಪ್ರತ್ಯೇಕ ಕಾಯ್ದೆ ಬಂದಿತು. ಅದರ ಸ್ಥಾನದಲ್ಲಿ 2006ರ ಕಾಯ್ದೆಯು 2007ರ ಜುಲೈ 1ರಿಂದ ಜಾರಿಯಲ್ಲಿದೆ. 3,000ಕ್ಕೂ ಹೆಚ್ಚು ನಿಗಮಗಳು ವಿಶೇಷ ನಿಬಂಧಕರೊಬ್ಬರ ಅಡಿಯಲ್ಲಿ ನೋಂದಣಿಯಾಗಿವೆ.

ಪ್ರತಿ ನಿಗಮಕ್ಕೂ ಒಂದು ಸಂಖ್ಯೆಯಿದೆ. ಆ ಸಂಖ್ಯೆಯನ್ನು ಹಿಡಿದು ಹೊರಟರೆ ಅದರ ನಿಯಮಾವಳಿ, ನಿರ್ದೇಶಕರ ಹೆಸರು, ಸಲ್ಲಿಸಿದ ವಾರ್ಷಿಕ ವರದಿಗಳು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ನೋಂದಾಯಿತ ನಿಗಮಗಳ ಪಟ್ಟಿಯನ್ನು ಸರ್ಕಾರದ ಮುಕ್ತ ದತ್ತಾಂಶ ತಾಣದಿಂದ ಇಡಿಯಾಗಿ ಇಳಿಸಿಕೊಳ್ಳಬಹುದು. ಹೊರೆಯ ಪ್ರಶ್ನೆಗೆ ಅವರು ಕಂಡುಕೊಂಡ ಪರಿಹಾರ ಸರಳವಾದುದು: ನಿಗಮಗಳನ್ನು ಸಣ್ಣ, ಮಧ್ಯಮ, ದೊಡ್ಡ ಎಂದು ವಿಂಗಡಿಸಿ, ಸಣ್ಣವುಗಳಿಂದ ಸಂಕ್ಷಿಪ್ತ ವರದಿಯನ್ನಷ್ಟೇ ಕೇಳುತ್ತಾರೆ. ಸಂಕ್ಷಿಪ್ತವಾದರೂ ಅದು ಬಹಿರಂಗ.

ಕರ್ನಾಟಕದಲ್ಲಿ ಇದಕ್ಕೆ ತೀರ ಹತ್ತಿರದ ಸಂಸ್ಥೆಗಳೆಂದರೆ ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು, ಅಂದರೆ ‘ಲ್ಯಾಂಪ್ಸ್’. 1970ರ ದಶಕದಲ್ಲಿ ಬಾವಾ ಸಮಿತಿಯ ಶಿಫಾರಸಿನ ಮೇರೆಗೆ ದೇಶದಲ್ಲಿ ಆರಂಭವಾದ ಈ ಮಾದರಿಯ ಸಂಘಗಳು ಚಾಮರಾಜನಗರ, ಮೈಸೂರು, ಕೊಡಗು ಭಾಗಗಳಲ್ಲಿ ಕಾರ್ಯನಿರ್ವಹಿಸುತ್ತ ಬಂದಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಂಗ್ರಹಿಸುವ ಜೇನು, ನೆಲ್ಲಿಕಾಯಿಗಳಿಗೆ ಬೇಡಿಕೆಯಿದೆ. ಆದರೆ ಅವನ್ನು ನೇರವಾಗಿ ಕೊಳ್ಳಲಿಚ್ಛಿಸುವ ಬೆಂಗಳೂರಿನ ತಯಾರಕರೊಬ್ಬರು ಸಂಘದ ಆರ್ಥಿಕ ಸ್ಥಿತಿಯನ್ನು ಮುರುಗಮಲ್ಲದ ಒಂದು ಉತ್ಪಾದಕರ ಕಂಪನಿಯ ಸ್ಥಿತಿಯಷ್ಟು ಸುಲಭವಾಗಿ ತಿಳಿಯಲಾರರು. ನಷ್ಟವಾಗುವುದು ಕೊಳ್ಳುವವರಿಗೆ ಮಾತ್ರವಲ್ಲ. ಲೆಕ್ಕ ಶುದ್ಧವಾಗಿರುವ ಸಂಘಕ್ಕೂ ತನ್ನ ಶುದ್ಧತೆಯನ್ನು ತೋರಿಸಿ ಒಳ್ಳೆಯ ಬೆಲೆ, ಮುಂಗಡ ಪಡೆಯುವ ಅವಕಾಶ ತಪ್ಪುತ್ತದೆ.

ಪುಸ್ತಕದ ಮಿತಿ ಮತ್ತು ಸ್ವಂತ ಪುಟ

ತೆರೆದ ದಾಖಲೆಗೂ ಮಿತಿಗಳಿವೆ. ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕವು ಪುಸ್ತಕಕ್ಕೆ ಬರುವ ಹೊತ್ತಿಗೆ ನವೆಂಬರ್ ಆಗಿರಬಹುದು. ಸಲ್ಲಿಸಿದ ಅಂಕಿಗಳನ್ನು ನಿಬಂಧಕರು ಒಂದೊಂದಾಗಿ ಪರೀಕ್ಷಿಸಿರುತ್ತಾರೆಂದು ಭಾವಿಸಲಾಗದು. ಸಂಸ್ಥೆಯ ಸದಸ್ಯ ರೈತರು ಅದಕ್ಕೇ ಮಾಲು ಕೊಡುತ್ತಿದ್ದಾರೆಯೇ, ಕಾರ್ಯನಿರ್ವಾಹಕರು ವರ್ಷಕ್ಕೊಬ್ಬರಂತೆ ಬದಲಾಗುತ್ತಿದ್ದಾರೆಯೇ ಎಂಬುದನ್ನು ತಿಳಿಯಲು ಮಂಡಿಯಲ್ಲಿ ವಿಚಾರಿಸಬೇಕು, ಹಳ್ಳಿಗೆ ಹೋಗಿಬರಬೇಕು. ದಾಖಲೆ ಮತ್ತು ವಿಚಾರಣೆ ಒಂದಕ್ಕೊಂದು ಪೂರಕ.

ಪುಸ್ತಕವು ಎರಡೂ ದಿಕ್ಕಿಗೆ ತೆರೆದಿದೆ ಎಂಬುದನ್ನೂ ಸದಸ್ಯ ಬಾಂಧವರು ಮರೆಯಬಾರದು. ಖಾಸಗಿ ಕಂಪನಿಯಾಗಿ ನೋಂದಣಿಯಾಗಿರುವ ಸಣ್ಣ ತಯಾರಕರ ಪುಟವನ್ನು ಬ್ಯಾಂಕು, ದೊಡ್ಡ ಖರೀದಿದಾರರು, ಪ್ರತಿಸ್ಪರ್ಧಿಗಳು ಓದುತ್ತಿರುತ್ತಾರೆ. ವಾರ್ಷಿಕ ಪತ್ರಗಳು ತಡವಾದರೆ ಪ್ರತಿ ಪತ್ರಕ್ಕೆ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೆಳೆಯುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಹಳೆಯ ದಿನಾಂಕ ಕಂಡು ಮೌನವಾಗಿ ಹಿಂದೆ ಸರಿಯುವ ಗ್ರಾಹಕರು. ತೀರಿಸಿದ ಸಾಲದ ಋಣಭಾರವನ್ನು ಪುಸ್ತಕದಿಂದ ತೆಗೆಸದೆ ಬಿಟ್ಟವರೂ ಈ ತೊಂದರೆಗೆ ಸಿಲುಕುತ್ತಾರೆ. ಪಾಲುದಾರಿಕೆ ಸಂಸ್ಥೆಗಳು 1932ರ ಕಾಯ್ದೆಯ ಕಲಂ 69ನ್ನು ನೆನಪಿಡಬೇಕು. ನೋಂದಣಿಯಾಗದ ಸಂಸ್ಥೆಯು ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ.

ಸಹಕಾರ ಸಂಘಗಳ ಪರಿಶೋಧಿತ ಲೆಕ್ಕಗಳ ಸಾರಾಂಶವಾದರೂ ನೋಂದಣಿ ಸಂಖ್ಯೆಯೊಡನೆ ಸಾರ್ವಜನಿಕವಾಗಿ ದೊರೆಯಬೇಕೆಂಬ ಬೇಡಿಕೆಯನ್ನು ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡಲು ಸಕಾರಣವಿದೆ. ಮಾಹಿತಿ ಹಕ್ಕು ಕಾಯ್ದೆಯ ಕಲಂ 4 ಅರ್ಜಿಗಾಗಿ ಕಾಯದೆ ಮಾಹಿತಿ ಪ್ರಕಟಿಸುವ ಕರ್ತವ್ಯವನ್ನು ಪ್ರಾಧಿಕಾರಗಳ ಮೇಲೆ ಹೊರಿಸಿದೆ. ಆ ದಿನ ಬರುವವರೆಗೆ, ಈಗಾಗಲೇ ತೆರೆದಿರುವ ಪುಟಗಳನ್ನು ಓದುವ ಅಭ್ಯಾಸವನ್ನು ರೂಢಿಸಿಕೊಳ್ಳಬೇಕು. ಹೊಸ ಸಂಸ್ಥೆಯ ಹೆಸರಿನಲ್ಲಿ ಖಾತೆ ತೆರೆಯುವ ಮುನ್ನ ಗುರುತಿನ ಸಂಖ್ಯೆ, ಸ್ಥಿತಿ, ಕೊನೆಯ ಲೆಕ್ಕದ ದಿನಾಂಕ, ಋಣಭಾರ ಈ ನಾಲ್ಕನ್ನು ನೋಡಿ ಬರೆದಿಡಲು ಕಾಲು ಗಂಟೆ ಸಾಕು.